ಬಯಲು ಸಂಗೀತೋತ್ಸವಕ್ಕೆ ದೂರದಿಂದ ಹೋಗುವವರಿಗೆ: ವಾಪಸ್ ಟಿಕೆಟ್‌ನಿಂದ ಟೆಂಟಿನ ಗೂಟದವರೆಗೆ

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ವಾಪಸ್ ಬರುವ ದಾರಿ. ಕಲಾವಿದರ ಪಟ್ಟಿ ನೋಡಿ, ಟಿಕೆಟ್ ತೆಗೆದು, ಹೋಗುವ ರೈಲು-ವಿಮಾನ ಹುಡುಕಿ ಮುಗಿಸುವ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ. ವಾಪಸ್ ಬರುವುದು ಹೇಗೋ ಆಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಆದರೆ ಮೈದಾನಕ್ಕೆ ಜನ ಬಂದು ಸೇರುವುದು ಎರಡು-ಮೂರು ದಿನಗಳಲ್ಲಿ, ಹೊರಡುವುದು ಮಾತ್ರ ಎಲ್ಲರೂ ಒಂದೇ ಹೊತ್ತಿಗೆ. ಇಂಥ ಉತ್ಸವಗಳು ಸಾಮಾನ್ಯವಾಗಿ ಹೊಲ, ಕಾಡಂಚು, ದ್ವೀಪಗಳಲ್ಲಿ ನಡೆಯುತ್ತವೆ. ಅಲ್ಲಿಗಿರುವ ರಸ್ತೆ ಒಂದೋ ಎರಡೋ. ಕೊನೆಯ ಕಾರ್ಯಕ್ರಮ ರಾತ್ರಿ 11ಕ್ಕೋ 12ಕ್ಕೋ ಮುಗಿದರೆ ವೇದಿಕೆಯಿಂದ ಗೇಟು ಮುಟ್ಟುವುದಕ್ಕೇ ಮುಕ್ಕಾಲು ಗಂಟೆ ಬೇಕಾಗಬಹುದು. ಪಾರ್ಕಿಂಗ್‌ನಿಂದ ಕಾರು ಹೊರಬೀಳಲು ಇನ್ನೂ ಮೂರು-ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಹಾಗಾಗಿ ಉತ್ಸವ ಮುಗಿದ ಮರುದಿನ ಬೆಳಿಗ್ಗೆ ವಿಮಾನ ಹತ್ತುವ ಯೋಚನೆ ಬೇಡ. ನಡುವೆ ಕನಿಷ್ಠ 24 ಗಂಟೆ ಇಟ್ಟುಕೊಳ್ಳಿ. ಕೊನೆಯ ರಾತ್ರಿ ಅಲ್ಲೇ ಮಲಗುವುದಾದರೆ ಬೆಳಿಗ್ಗೆ 6ರೊಳಗೆ ಹೊರಡಿ, ಇಲ್ಲವೇ ಮಧ್ಯಾಹ್ನದವರೆಗೆ ಕಾದು ಹೊರಡಿ. ನೂಕುನುಗ್ಗಲು ಹೆಚ್ಚಿರುವುದು ಇವೆರಡರ ನಡುವೆ. ಹವಾಮಾನ ಕೈಕೊಟ್ಟರೆ ಈ 24 ಗಂಟೆಯೂ ಸಾಲದು. 2023ರಲ್ಲಿ ಅಮೆರಿಕದ ನೆವಾಡಾದ ಮರುಭೂಮಿಯಲ್ಲಿ ನಡೆದ ಬರ್ನಿಂಗ್ ಮ್ಯಾನ್ ಕೂಟದಲ್ಲಿ ಮಳೆ ಬಂದು ನೆಲವೆಲ್ಲ ಅಂಟುಕೆಸರಾಯಿತು. ಗೇಟು ಮುಚ್ಚಿದರು, ಒಳಗಿದ್ದವರಿಗೆ ಇರುವ ನೀರು-ಆಹಾರವನ್ನು ಜೋಪಾನವಾಗಿ ಬಳಸಿ ಎಂದು ಹೇಳಿದರು. ಅದೇ ವರ್ಷ ಜರ್ಮನಿಯ ವಾಕನ್ ಉತ್ಸವದಲ್ಲಿ ಇದರ ಉಲ್ಟಾ ಆಯಿತು. ಮೈದಾನ ಕೆಸರಾಗಿದ್ದರಿಂದ ಸಂಘಟಕರು ಪ್ರವೇಶವನ್ನೇ ನಿಲ್ಲಿಸಿದರು, ಟಿಕೆಟ್ ಕೈಯಲ್ಲಿದ್ದ ಸಾವಿರಾರು ಜನ ದಾರಿಯಿಂದಲೇ ಮರಳಬೇಕಾಯಿತು. ಸಾಧ್ಯವಿದ್ದರೆ ಬದಲಾಯಿಸಬಹುದಾದ ಪ್ರಯಾಣದ ಟಿಕೆಟ್ ತೆಗೆಯಿರಿ. ಹತ್ತಿರದ ಊರಿನಲ್ಲಿ ಒಂದು ರಾತ್ರಿಯ ರೂಮನ್ನು ರದ್ದು ಮಾಡಬಹುದಾದ ಷರತ್ತಿನ ಮೇಲೆ ಹಿಡಿದಿಡಿ.

ಟಿಕೆಟ್, ವೀಸಾ, ರಿಸ್ಟ್‌ಬ್ಯಾಂಡ್

ಟಿಕೆಟ್ ಕೊಳ್ಳುವ ಮುಂಚೆ ಅದು ಹೆಸರಿನ ಮೇಲಿನ ಟಿಕೆಟ್ಟೇ ಎಂದು ನೋಡಿ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಫೋಟೊ ಕೊಟ್ಟು ಮೊದಲೇ ನೋಂದಣಿ ಮಾಡಿಸಿಕೊಂಡವರಿಗೆ ಮಾತ್ರ ಟಿಕೆಟ್ ಸಿಗುತ್ತದೆ. ಅದನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಮಾರಾಟ ಶುರುವಾಗುವ ದಿನ ನೋಂದಣಿ ಮಾಡುತ್ತೇನೆಂದು ಕೂತವರು ಹೊರಗೇ ಉಳಿಯುತ್ತಾರೆ, ಏಕೆಂದರೆ ನೋಂದಣಿಯ ಬಾಗಿಲು ಅದಕ್ಕೂ ಮೊದಲೇ ಮುಚ್ಚಿರುತ್ತದೆ. ಟಿಕೆಟ್ ಖಾಲಿಯಾಗಿದ್ದರೆ ಉತ್ಸವದವರೇ ನಡೆಸುವ ಮರುಮಾರಾಟದ ದಿನಕ್ಕೆ ಕಾಯಿರಿ. ಸಾಮಾಜಿಕ ಜಾಲತಾಣದಲ್ಲಿ ಯಾರೋ ಕಳಿಸುವ ಕ್ಯೂಆರ್ ಕೋಡ್ ಚಿತ್ರವನ್ನು ಹತ್ತು ಜನರಿಗೆ ಮಾರಿರಬಹುದು, ಗೇಟಿನಲ್ಲಿ ಮೊದಲು ಸ್ಕ್ಯಾನ್ ಮಾಡಿಸಿದವರಿಗಷ್ಟೇ ಪ್ರವೇಶ.

ಟಿಕೆಟ್ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ವೀಸಾ ಬೇಕಾದ ದೇಶವಾದರೆ ಟಿಕೆಟ್ ಕೈಗೆ ಬಂದ ವಾರವೇ ಅರ್ಜಿಯ ಕೆಲಸ ಹಚ್ಚಿಕೊಳ್ಳಿ. ದಿನವೂ ತೆಗೆದುಕೊಳ್ಳುವ ಔಷಧಿಗಳನ್ನು ಅವುಗಳದೇ ಸ್ಟ್ರಿಪ್ ಅಥವಾ ಡಬ್ಬಿಯಲ್ಲಿ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ಒಂದು ದೇಶದಲ್ಲಿ ಸಾಮಾನ್ಯವಾದ ಮಾತ್ರೆಗೆ ಇನ್ನೊಂದು ದೇಶದಲ್ಲಿ ನಿಷೇಧವಿರಬಹುದು. ಅದನ್ನು ಹೊರಡುವ ಮುಂಚೆ ರಾಯಭಾರ ಕಚೇರಿಯ ಪುಟದಲ್ಲಿ ನೋಡಿಕೊಳ್ಳಿ. ಪ್ರಯಾಣ ವಿಮೆ ಮಾಡಿಸುವಾಗ ಟೆಂಟಿನಿಂದ ಕಳುವಾದ ವಸ್ತುಗಳಿಗೆ ಪರಿಹಾರ ಉಂಟೇ ಎಂಬ ಸಾಲನ್ನು ಹುಡುಕಿ ಓದಿ. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ರಿಸ್ಟ್‌ಬ್ಯಾಂಡ್, ಎಂದರೆ ಪ್ರವೇಶದ ಗುರುತಾಗಿ ಮಣಿಕಟ್ಟಿಗೆ ಹಾಕುವ ಪಟ್ಟಿ, ಕಟ್ಟುವಾಗ ಒಂದು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ. ಅದರ ಲಾಕ್ ಬಿಗಿಯಾಗುವ ಕಡೆಗೆ ಮಾತ್ರ ಜಾರುತ್ತದೆ, ಮರಳಿ ಸಡಿಲವಾಗುವುದಿಲ್ಲ. ತೀರಾ ಬಿಗಿಯಾದರೆ ಬಿಸಿಲಿಗೆ ಕೈ ಊದಿಕೊಂಡಾಗ ಕತ್ತರಿಸಬೇಕಾಗುತ್ತದೆ, ಕತ್ತರಿಸಿದ ಬ್ಯಾಂಡಿಗೆ ಬೆಲೆಯಿಲ್ಲ. ಕೆಲವೆಡೆ ಅದರೊಳಗಿನ ಚಿಪ್ಪಿಗೇ ಹಣ ತುಂಬಿ ಖರ್ಚು ಮಾಡುತ್ತಾರೆ. ಅಂಥ ಕಡೆ ಬ್ಯಾಂಡನ್ನು ನಿಮ್ಮ ಹೆಸರಿಗೆ ನೋಂದಾಯಿಸಿ, ಅದರ ಹಿಂದಿನ ಸಂಖ್ಯೆಯ ಫೋಟೊ ಇಟ್ಟುಕೊಳ್ಳಿ. ಕಳೆದುಹೋದರೆ ಹಣ ತಡೆಹಿಡಿಯಲು ಆ ಸಂಖ್ಯೆಯೇ ಆಧಾರ.

ಬ್ಯಾಗು

ನಿಯಮ ಒಂದೇ: ಎಲ್ಲವನ್ನೂ ಹೆಗಲ ಮೇಲೆ ಹಾಕಿಕೊಂಡು ಒಂದೂವರೆ ಕಿಲೋಮೀಟರ್ ನಡೆಯಲು ಆಗಬೇಕು. ಗಾಲಿಯ ಸೂಟ್‌ಕೇಸ್ ಹುಲ್ಲಿನ ಮೇಲೆ, ಕೆಸರಿನಲ್ಲಿ ಉರುಳುವುದಿಲ್ಲ. ವಿಮಾನದಲ್ಲಿ ಹೋಗುವವರಿಗೆ ಇನ್ನೂ ಮೂರು ವಿಷಯ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸಾಮಾನ್ಯ ಮಿತಿ 100 ವ್ಯಾಟ್‌ಅವರ್, ಎಂದರೆ ಸುಮಾರು 27,000 ಎಂಎಎಚ್. ಟೆಂಟಿನ ಗೂಟ, ಸುತ್ತಿಗೆಗಳು ಚೆಕ್-ಇನ್ ಬ್ಯಾಗಿಗೆ. ಸ್ಟೌವಿನ ಗ್ಯಾಸ್ ಡಬ್ಬಿಯನ್ನು ಎರಡರಲ್ಲಿಯೂ ಒಯ್ಯುವಂತಿಲ್ಲ.

ಪವರ್‌ಬ್ಯಾಂಕಿನ ಮೇಲೆ 10,000 ಎಂದು ಬರೆದಿದ್ದರೆ ಫೋನಿಗೆ ಬಂದು ಸೇರುವುದು ಆರು-ಆರೂವರೆ ಸಾವಿರ ಅಷ್ಟೇ. ವೋಲ್ಟೇಜ್ ಬದಲಾಗುವಾಗ ಮಿಕ್ಕಿದ್ದು ಸೋರಿಹೋಗುತ್ತದೆ. ನಾಲ್ಕು ದಿನಕ್ಕೆ 20,000ದ್ದೇ ಬೇಕು.

ಹಣೆಗೆ ಕಟ್ಟುವ ಟಾರ್ಚ್, ಮಳೆಕೋಟು, ತೆಳುವಾದರೂ ಒಂದು ಸ್ವೆಟರ್, ಟೊಪ್ಪಿ, ಸನ್‌ಸ್ಕ್ರೀನ್, ಟಾಯ್ಲೆಟ್ ಪೇಪರ್, ಸೋಪು, ಓಆರ್‌ಎಸ್ ಪುಡಿ, ಗುಳ್ಳೆಗೆ ಹಚ್ಚುವ ಪ್ಲಾಸ್ಟರ್, ಇಯರ್‌ಪ್ಲಗ್ ಇಷ್ಟನ್ನು ಮರೆಯಬೇಡಿ. ಛತ್ರಿ ಬೇಡ. ಹಿಂದಿನವರಿಗೆ ವೇದಿಕೆ ಕಾಣುವುದಿಲ್ಲ, ಬಹಳ ಕಡೆ ಅದಕ್ಕೆ ಅವಕಾಶವೂ ಇಲ್ಲ. ದಿನಕ್ಕೊಂದು ಜೊತೆ ಕಾಲುಚೀಲ, ಅದರ ಮೇಲೆ ಒಂದು ಜೊತೆ ಬರೀ ಮಲಗುವಾಗ ಹಾಕಿಕೊಳ್ಳಲು, ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯೇ ಇರಲಿ. ಇದು ಸಣ್ಣ ಮಾತಲ್ಲ. ಒದ್ದೆ ಕಾಲಿನಲ್ಲೇ ಹಗಲು-ರಾತ್ರಿ ಕಳೆದರೆ ಪಾದ ಬಿಳಚಿಕೊಂಡು, ಮರಗಟ್ಟಿ, ಚರ್ಮ ಏಳುತ್ತದೆ. ರಾತ್ರಿ ಪಾದ ಒರೆಸಿ ಒಣಗಿಸಿ ಮಲಗಿದರೆ ಮರುದಿನ ಮತ್ತೆ ಹದಿನೈದು ಕಿಲೋಮೀಟರ್ ನಡೆಯಬಹುದು. ಬೂಟನ್ನು ಹೊಸದಾಗಿ ಕೊಂಡು ನೇರವಾಗಿ ಅಲ್ಲಿಗೆ ಒಯ್ಯಬೇಡಿ, ಕನಿಷ್ಠ ಎರಡು ವಾರ ಮನೆಯ ಸುತ್ತ ಹಾಕಿಕೊಂಡು ಓಡಾಡಿ.

ಟೆಂಟ್ ಎಲ್ಲಿ, ಹೇಗೆ

"ಇಬ್ಬರ ಟೆಂಟ್" ಎಂದರೆ ಇಬ್ಬರ ಭುಜ ಹಿಡಿಸುವ ಜಾಗ, ಬ್ಯಾಗಿನ ಲೆಕ್ಕ ಅದರಲ್ಲಿಲ್ಲ. ಇಬ್ಬರಿಗೆ ಮೂರು ಜನರದ್ದು ತೆಗೆದುಕೊಳ್ಳಿ. ಹೊರಡುವ ಮುಂಚೆ ಮನೆಯಂಗಳದಲ್ಲೋ ಮಹಡಿಯ ಮೇಲೋ ಒಮ್ಮೆ ನಿಲ್ಲಿಸಿ ನೋಡಿ. ಕಡ್ಡಿ ಮುರಿದಿದೆಯೆಂದು ಕತ್ತಲಲ್ಲಿ, ಮಳೆಯಲ್ಲಿ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಮೇಲು.

ಒಳ್ಳೆಯ ಜಾಗ ಸಿಗಬೇಕಾದರೆ ಗೇಟು ತೆರೆದ ಮೊದಲ ದಿನವೇ ಒಳಗಿರಬೇಕು. ನೆಲ ಸ್ವಲ್ಪ ಇಳಿಜಾರಿದ್ದರೆ ಒಳ್ಳೆಯದೇ, ತಲೆ ಮೇಲ್ಗಡೆಗೆ ಬರುವಂತೆ ಮಲಗಿದರಾಯಿತು. ತಗ್ಗು ಜಾಗ ಮಾತ್ರ ಬೇಡವೇ ಬೇಡ. ಸುತ್ತಲಿಗಿಂತ ಹುಲ್ಲು ಹೆಚ್ಚು ಹಸಿರಾಗಿ ದಟ್ಟವಾಗಿದ್ದರೆ ಅಲ್ಲಿ ನೀರು ನಿಲ್ಲುತ್ತದೆಂದೇ ಅರ್ಥ. ಓಡಾಡುವ ದಾರಿಯಿಂದ ಹತ್ತು ಮೀಟರ್ ಆದರೂ ಒಳಗಿರಿ, ಇಲ್ಲವಾದರೆ ರಾತ್ರಿಯಿಡೀ ಯಾರಾದರೊಬ್ಬರು ನಿಮ್ಮ ಹಗ್ಗಕ್ಕೆ ಎಡವಿ ಟೆಂಟಿನ ಮೇಲೆ ಬೀಳುತ್ತಲೇ ಇರುತ್ತಾರೆ. ಟಾಯ್ಲೆಟ್ ಮೂರು-ನಾಲ್ಕು ನಿಮಿಷದ ನಡಿಗೆಯಲ್ಲಿರಲಿ, ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸದಿರಲಿ. ಬೇಸಿಗೆಯ ಟೆಂಟ್ ಬೆಳಿಗ್ಗೆ 7ಕ್ಕೆಲ್ಲ ಒಲೆಯಾಗುತ್ತದೆ. ಪೂರ್ವಕ್ಕೆ ಮರಗಳ ಸಾಲಿದ್ದು ಅದರ ನೆರಳು ನಿಮ್ಮ ಮೇಲೆ ಬೀಳುವಂತಿದ್ದರೆ ಇನ್ನೆರಡು ಗಂಟೆ ನಿದ್ದೆ ಸಿಗುತ್ತದೆ. ಆದರೆ ನೇರ ಮರದ ಕೆಳಗೆ ಬೇಡ, ಗಾಳಿಗೆ ಕೊಂಬೆ ಬೀಳುತ್ತದೆ.

ಟೆಂಟಿನ ತಗ್ಗಾದ, ಕಿರಿದಾದ ಕೊನೆಯನ್ನು ಗಾಳಿಗೆ ಮುಖಮಾಡಿಸಿ. ಗೂಟ ಹೊಡೆಯುವಾಗ ಅದರ ತಲೆ ಟೆಂಟಿನಿಂದ ಆಚೆಗೆ, ಮೊನೆ ಟೆಂಟಿನ ಕಡೆಗೆ ಬರುವಂತೆ ಸುಮಾರು 45 ಡಿಗ್ರಿ ಓರೆಯಾಗಿ ಹೊಡೆಯಿರಿ. ಹಗ್ಗಕ್ಕೂ ಗೂಟಕ್ಕೂ ನಡುವೆ ಹೆಚ್ಚುಕಡಿಮೆ ಲಂಬಕೋನ ಬಂದಾಗ ಹಿಡಿತ ಚೆನ್ನಾಗಿರುತ್ತದೆ. ಉಲ್ಟಾ ಹೊಡೆದರೆ ಗಾಳಿ ಎಳೆದಾಗ ಹಗ್ಗವೇ ಗೂಟವನ್ನು ಕಿತ್ತುಬಿಡುತ್ತದೆ. ಟೆಂಟಿನ ಜೊತೆ ಬರುವ ತೆಳುತಂತಿಯ ಗೂಟಗಳು ಸಡಿಲ ಮಣ್ಣಿನಲ್ಲಿ ಕೆಲಸಕ್ಕೆ ಬಾರವು, 25 ಸೆಂಟಿಮೀಟರ್ ಉದ್ದದ, ಅಡ್ಡಸೀಳಿನಲ್ಲಿ ವಿ ಅಥವಾ ವೈ ಆಕಾರದವು ಎಂಟು ಇಟ್ಟುಕೊಳ್ಳಿ. ನೆಲಕ್ಕೆ ಹಾಸುವ ಶೀಟು ಟೆಂಟಿನ ತಳದಿಂದ ಒಂದಿಂಚೂ ಹೊರಗೆ ಚಾಚಬಾರದು. ಚಾಚಿದ ಅಂಚು ಮಳೆನೀರನ್ನು ಹಿಡಿದು ನಿಮ್ಮ ಬೆನ್ನಿನ ಕೆಳಕ್ಕೆ ತಂದುಬಿಡುತ್ತದೆ.

ಬೆಳಿಗ್ಗೆ ಎದ್ದಾಗ ಮೇಲಿಂದ ಹನಿ ತೊಟ್ಟಿಕ್ಕಿದರೆ ಟೆಂಟ್ ಸೋರುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಬಹುತೇಕ ಸಲ ಅದು ನಿಮ್ಮದೇ ಉಸಿರಿನ ತೇವ, ತಣ್ಣನೆಯ ಹೊರಪದರಕ್ಕೆ ಕಟ್ಟಿಕೊಂಡದ್ದು. ಮೇಲಿನ ಗಾಳಿಕಿಂಡಿ ತೆರೆದೇ ಮಲಗಿ. ನೈಲಾನ್ ಬಟ್ಟೆ ಒದ್ದೆಯಾದರೆ ಜೋಲುತ್ತದೆ, ಜೋತು ಒಳಪದರಕ್ಕೆ ತಗುಲಿದ ಕಡೆ ನೀರು ಒಳಗಿಳಿಯುತ್ತದೆ. ಮಲಗುವ ಮುಂಚೆ ಒಂದು ಸುತ್ತು ಹೋಗಿ ಹಗ್ಗಗಳನ್ನು ಬಿಗಿ ಮಾಡಿ.

ಟೆಂಟಿನೊಳಗೆ, ಅದರ ಮುಂಗೋಣೆಯಲ್ಲಿ ಕೂಡ, ಸ್ಟೌ ಅಥವಾ ಇದ್ದಿಲು ಒಲೆ ಇಡಲೇಬೇಡಿ. ಆರಿದಂತೆ ಕಾಣುವ ಇದ್ದಿಲೂ ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಬೆಚ್ಚಗಾಗಲೆಂದು ಒಲೆಯನ್ನು ಒಳಗೆ ಎಳೆದುಕೊಂಡು ಸತ್ತವರಿದ್ದಾರೆ.

ಟೆಂಟಿಗೆ ಬೀಗ ಹಾಕಿದರೆ ಒಳಗೆ ಏನೋ ಇದೆಯೆಂದು ಹೇಳಿದಂತೆ, ಬಟ್ಟೆಯನ್ನು ಹರಿಯಲು ಬ್ಲೇಡು ಸಾಕು. ಪಾಸ್‌ಪೋರ್ಟ್, ಹಣ, ಕಾರ್ಡು ಮೈಮೇಲಿನ ಚೀಲದಲ್ಲಿರಲಿ, ಮಲಗುವಾಗ ಸ್ಲೀಪಿಂಗ್ ಬ್ಯಾಗಿನ ಕಾಲತುದಿಗೆ ಹೋಗಲಿ. ಇನ್ನು, ಸಾವಿರಾರು ಟೆಂಟುಗಳ ನಡುವೆ ರಾತ್ರಿ ನಿಮ್ಮದನ್ನು ಹುಡುಕುವುದು. ಹಗಲಿನಲ್ಲೇ ಕದಲದ ಗುರುತೊಂದನ್ನು ಹಿಡಿಯಿರಿ: ದೀಪದ ಕಂಬ, ನೀರಿನ ನಲ್ಲಿ, ಬೇಲಿಯ ಮೂಲೆ. ಅಲ್ಲಿಂದ ಎಷ್ಟು ಹೆಜ್ಜೆ, ಯಾವ ಕಡೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಪಕ್ಕದವರ ಕೆಂಪು ಟೆಂಟನ್ನು ಗುರುತು ಮಾಡಿಕೊಂಡರೆ ಅವರು ನಿಮಗಿಂತ ಮೊದಲೇ ಗಂಟುಮೂಟೆ ಕಟ್ಟಿರಬಹುದು.

ನೀರು, ಬಿಸಿಲು, ಟಾಯ್ಲೆಟ್

ಬಿಸಿಲಿನಲ್ಲಿ ನಿಂತು ಕುಣಿಯುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು. ಒಂದೇ ಸಲಕ್ಕೆ ಎರಡು-ಮೂರು ಲೀಟರ್ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ, ಜಾಸ್ತಿಯಾದರೆ ಪ್ರಜ್ಞೆ ತಪ್ಪುವವರೆಗೂ ಹೋಗುತ್ತದೆ. ಓಆರ್‌ಎಸ್ ಬೇಕೆನ್ನುವುದು ಅದಕ್ಕೇ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮದ್ಯ ಕುಡಿಯುವವರು ಪ್ರತಿ ಗ್ಲಾಸಿನ ನಡುವೆ ಅಷ್ಟೇ ನೀರು ಕುಡಿಯಲಿ, ಗ್ಲಾಸನ್ನು ಎಲ್ಲೂ ಇಟ್ಟುಹೋಗದಿರಲಿ.

ಜೊತೆಗಿರುವವರ ಮೈ ಕಾದು, ಮಾತು ತೊದಲಿ, ಗೊಂದಲಕ್ಕೆ ಬಿದ್ದರೆ ಅದು ಬರೀ ಸುಸ್ತಲ್ಲ, ಬಿಸಿಲಾಘಾತ. ವೈದ್ಯರ ಟೆಂಟಿಗೆ ಹೇಳಿಕಳಿಸಿ, ಅವರು ಬರುವವರೆಗೆ ಕಾಯದೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಮೊದಲ ಹತ್ತಿಪ್ಪತ್ತು ನಿಮಿಷದಲ್ಲಿ ಮೈ ತಣ್ಣಗಾಗುವುದೇ ಜೀವ ಉಳಿಸುತ್ತದೆ. ಯಾವುದಾದರೂ ಮಾದಕ ವಸ್ತು ತೆಗೆದುಕೊಂಡಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಟಾಯ್ಲೆಟ್‌ಗಳು ಚೊಕ್ಕಟವಾಗಿರುವುದು ಹೀರುವ ಲಾರಿ ಬಂದುಹೋದ ಮೇಲೆ, ಸಾಮಾನ್ಯವಾಗಿ ಬೆಳಗಿನ ಜಾವ. ಅದು ಬರುವ ಹೊತ್ತನ್ನು ಮೊದಲ ದಿನವೇ ಗಮನಿಸಿ. ಕೈಗೆ ಹಚ್ಚುವ ಆಲ್ಕೊಹಾಲ್ ಜೆಲ್ ವಾಂತಿ-ಭೇದಿಯ ನೊರೊವೈರಸ್ ವಿರುದ್ಧ ಅಷ್ಟಾಗಿ ಕೆಲಸ ಮಾಡದು, ಊಟಕ್ಕೆ ಮುಂಚೆ ಸೋಪು-ನೀರಿನಲ್ಲೇ ತೊಳೆಯಿರಿ. ಊಟದ ಸಾಲುಗಳು ಚಿಕ್ಕದಾಗಿರುವುದು ಮುಖ್ಯ ಕಾರ್ಯಕ್ರಮ ನಡೆಯುವಾಗ. ಒಂದು ದಿನಕ್ಕಾಗುವಷ್ಟು ಒಣ ತಿನಿಸು ಬ್ಯಾಗಿನಲ್ಲಿದ್ದರೆ ಸಾಕು.

ಎಲ್ಲಿ ನಿಂತರೆ ಚೆನ್ನಾಗಿ ಕೇಳುತ್ತದೆ

ವೇದಿಕೆಗೆ ಎದುರಾಗಿ, ಜನರ ನಡುವೆ ಎದ್ದಿರುವ ಮಿಕ್ಸಿಂಗ್ ಟವರ್ ನೋಡಿ. ಸೌಂಡ್ ಎಂಜಿನಿಯರ್ ಕೂತು ಎಲ್ಲವನ್ನೂ ಹದ ಮಾಡುವುದು ಅಲ್ಲಿ ಕೇಳಿಸುವುದಕ್ಕೆ ತಕ್ಕಂತೆ. ಅದರ ಸ್ವಲ್ಪ ಮುಂದೆ ಅಥವಾ ಅಕ್ಕಪಕ್ಕ ನಿಂತವರಿಗೆ ಹಾಡು ಸರಿಯಾಗಿ ಕೇಳುತ್ತದೆ. ತೀರಾ ಮುಂದೆ, ಬ್ಯಾರಿಕೇಡಿಗೆ ಒರಗಿದರೆ ಮುಖ್ಯ ಸ್ಪೀಕರುಗಳ ಸದ್ದು ತಲೆಯ ಮೇಲಿಂದ ದಾಟಿಹೋಗಿ, ಬೇಸ್ ಮಾತ್ರ ಎದೆಗೆ ಗುದ್ದುತ್ತದೆ, ದನಿ ಮಸುಕಾಗುತ್ತದೆ.

ಹಿಂದೆ ನಿಲ್ಲುವವರಿಗೆ ಇನ್ನೊಂದು ಸಂಗತಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನೂರು ಮೀಟರ್ ಹಿಂದಿದ್ದರೆ ಪರದೆಯ ಮೇಲೆ ಡ್ರಮ್ಮಿನ ಕಡ್ಡಿ ಬಿದ್ದ ಮೂರನೇ ಒಂದು ಸೆಕೆಂಡ್ ಆದಮೇಲೆ ಪೆಟ್ಟು ಕೇಳುತ್ತದೆ. ದೂರದವರಿಗೆಂದು ಮೈದಾನದ ನಡುವೆ ಇನ್ನಷ್ಟು ಸ್ಪೀಕರ್ ಕಂಬಗಳನ್ನು ನಿಲ್ಲಿಸಿ, ವೇದಿಕೆಯ ಸದ್ದು ಬಂದು ಸೇರುವ ಹೊತ್ತಿಗೇ ಅವೂ ನುಡಿಯುವಂತೆ ಅಷ್ಟು ತಡ ಮಾಡಿ ಬಿಡುತ್ತಾರೆ. ಆ ಕಂಬದ ಹಿಂಭಾಗಕ್ಕೆ ಇಪ್ಪತ್ತು-ಮೂವತ್ತು ಮೀಟರಿನಲ್ಲಿ ಸದ್ದು ಸ್ಪಷ್ಟ, ಕೂರಲು ಜಾಗವೂ ಇರುತ್ತದೆ.

ಕಿವಿಯ ಬಗ್ಗೆ ಯಾರೂ ಉದಾಸೀನ ಮಾಡಬಾರದು. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದೆಂಬುದು ಕೆಲಸದ ಜಾಗಗಳಿಗಿರುವ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ, 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗೆ ಹಾಕಿದ ಮಿತಿಯೇ ಸರಾಸರಿ 100 ಡೆಸಿಬಲ್. ಎಂದರೆ ಮಿತಿಯೊಳಗಿನ ಕಛೇರಿಯೂ ಬರಿಗಿವಿಗೆ ಅತಿಯೇ. ಫೋಮ್ ಪ್ಲಗ್ ಹಾಕುವ ಕ್ರಮ ಹೀಗೆ: ಬೆರಳುಗಳ ನಡುವೆ ಹೊಸೆದು ಕಡ್ಡಿಯಷ್ಟು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಪ್ಲಗ್ಗನ್ನು ಒಳಗೆ ಸರಿಸಿ 30 ಸೆಕೆಂಡ್ ಬೆರಳಿನಿಂದ ಒತ್ತಿಹಿಡಿಯಿರಿ. ಒಳಗೆ ಅರಳಿಕೊಂಡು ಕೂರುತ್ತದೆ. ಹಾಗೇ ತುರುಕಿದ್ದು ಅರ್ಧ ಹೊರಗೇ ಉಳಿದು ಏನೂ ತಡೆಯುವುದಿಲ್ಲ. ಹಾಡಿನ ಸೂಕ್ಷ್ಮ ಉಳಿಯಬೇಕೆನ್ನುವವರು ಸಂಗೀತಗಾರರು ಬಳಸುವ ಫಿಲ್ಟರ್ ಪ್ಲಗ್ ಕೊಳ್ಳಲಿ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ.

ಜನರ ಒತ್ತಡ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. 2000ದ ಜೂನ್ 30ರಂದು ಡೆನ್ಮಾರ್ಕಿನ ರೊಸ್ಕಿಲ್ಡೆ ಉತ್ಸವದಲ್ಲಿ ಮುಂದಿನ ಸಾಲುಗಳ ಒತ್ತಡಕ್ಕೆ ಸಿಕ್ಕಿ 9 ಮಂದಿ ಸತ್ತರು. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್‌ನಲ್ಲಿ 10 ಮಂದಿ. ಜನಸಂದಣಿಯ ಸಾವುಗಳಲ್ಲಿ ಬಹುಪಾಲು ತುಳಿತದಿಂದ ಆಗುವುದಿಲ್ಲ. ಸುತ್ತಲಿನ ಮೈಗಳು ಎದೆಯನ್ನು ಒತ್ತಿ ಶ್ವಾಸಕೋಶ ಹಿಗ್ಗಲು ಬಿಡುವುದಿಲ್ಲ, ನಿಂತಲ್ಲೇ ಉಸಿರು ನಿಲ್ಲುತ್ತದೆ.

ಒಂದು ಚದರ ಮೀಟರಿನಲ್ಲಿ ಎರಡು-ಮೂರು ಜನರಿದ್ದರೆ ಬೇಕಾದ ಕಡೆ ಓಡಾಡಬಹುದು. ಐದು ದಾಟಿದರೆ ಅಪಾಯ. ಆರೇಳಾದರೆ ಗುಂಪು ನೀರಿನಂತೆ ಅಲೆಯೇಳುತ್ತದೆ, ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಎಣಿಸುತ್ತ ನಿಲ್ಲಲಾಗದು, ಗುರುತು ಇವು: ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಆಗುತ್ತಿಲ್ಲ, ನೀವು ಹೆಜ್ಜೆ ಇಡದೆಯೇ ಜಾಗ ಬದಲಾಗುತ್ತಿದೆ, ನಾಲ್ಕೂ ಕಡೆಯಿಂದ ಮೈ ತಗುಲಿದೆ. ಮೊದಲ ಗುರುತು ಕಂಡಾಗಲೇ ಹೊರಡಿ, ನೆಚ್ಚಿನ ಹಾಡು ಬಂದರೂ ಸರಿಯೇ.

ಹೊರಡುವ ರೀತಿ: ಎರಡೂ ಕೈಗಳನ್ನು ಎದೆಯ ಮುಂದೆ, ಬಾಕ್ಸಿಂಗ್ ಆಡುವವರಂತೆ ಮಡಚಿ ಹಿಡಿಯಿರಿ. ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಅಲೆ ತಳ್ಳಿದಾಗ ಎದುರು ನಿಲ್ಲದೆ ಅದರ ಜೊತೆ ಸಾಗಿ, ಅಲೆ ಸಡಿಲವಾದ ಗಳಿಗೆಯಲ್ಲಿ ಓರೆಯಾಗಿ ಬದಿಗೆ ಎರಡು ಹೆಜ್ಜೆ ಸರಿಯಿರಿ. ಮತ್ತೆ ಅಲೆ, ಮತ್ತೆ ಎರಡು ಹೆಜ್ಜೆ. ನೇರ ಹಿಂದಕ್ಕೆ ತಳ್ಳಿಕೊಂಡು ಹೋಗಲು ಆಗುವುದಿಲ್ಲ. ಫೋನು ಬಿದ್ದರೆ ಬಗ್ಗಬೇಡಿ. ಕಿರುಚಿ ಉಸಿರು ಕಳೆದುಕೊಳ್ಳಬೇಡಿ. ಬಿದ್ದರೆ ತಕ್ಷಣ ಏಳಬೇಕು. ಏಳಲಾಗದಿದ್ದರೆ ಒಂದು ಮಗ್ಗುಲಿಗೆ ಮುದುಡಿ ಕೈಗಳಿಂದ ತಲೆ ಕಾಯ್ದುಕೊಳ್ಳಿ. ಬೆನ್ನ ಮೇಲಾಗಲಿ ಹೊಟ್ಟೆಯ ಮೇಲಾಗಲಿ ಮಲಗಬಾರದು. ಬ್ಯಾರಿಕೇಡುಗಳು ಕೂಡುವ ಮೂಲೆಗಳು ಎಲ್ಲಕ್ಕಿಂತ ಕೆಟ್ಟ ಜಾಗ, ಒತ್ತಡಕ್ಕೆ ಅಲ್ಲಿಂದ ಹೊರಹೋಗಲು ದಾರಿಯಿರುವುದಿಲ್ಲ. ಯಾರಾದರೂ ಕುಸಿದರೆ ಸುತ್ತಲಿನವರು ಕೈ ಎತ್ತಿ ಜಾಗ ಬಿಡಿಸಿ. ಮುಂದಿನ ಸಾಲಾದರೆ ಬ್ಯಾರಿಕೇಡಿನಾಚೆಯ ಸಿಬ್ಬಂದಿ ಎತ್ತಿಕೊಳ್ಳುತ್ತಾರೆ.

ಒಂದು ವೇದಿಕೆಯಿಂದ ಇನ್ನೊಂದಕ್ಕೆ ದೊಡ್ಡ ಮೈದಾನದಲ್ಲಿ 20-30 ನಿಮಿಷ ಬೇಕು. ಕೊನೆಯ ಎರಡು-ಮೂರು ಹಾಡು ಬಿಟ್ಟು ಹೊರಟರೆ ಹಾದಿ ಖಾಲಿ, ಮುಗಿದ ಮೇಲೆ ಹೊರಟರೆ ಮುಂದಿನದ್ದರ ಅರ್ಧ ಹೋಯಿತು. ದಿನಕ್ಕೆ ನೋಡಲೇಬೇಕಾದ ಮೂರು ಕಾರ್ಯಕ್ರಮ ಆರಿಸಿ, ಉಳಿದದ್ದು ಕಾಲು ಕರೆದುಕೊಂಡು ಹೋದಂತೆ.

ಫೋನು, ಸಿಡಿಲು, ಕೊನೆಯ ಬೆಳಿಗ್ಗೆ

ಸಂಜೆಯ ಹೊತ್ತಿಗೆ ನೆಟ್‌ವರ್ಕ್ ಕುಸಿಯುತ್ತದೆ. ಟಿಕೆಟ್, ನಕ್ಷೆ, ವೇಳಾಪಟ್ಟಿಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುವುದರಿಂದ ಬೇಡದಾಗ ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಇಂಟರ್ನೆಟ್ ಸತ್ತಾಗಲೂ ಸಾದಾ ಎಸ್ಸೆಮ್ಮೆಸ್ ಎಷ್ಟೋ ಸಲ ದಾಟುತ್ತದೆ, ಆದರೆ ತಡವಾಗಿ. "ನಲ್ಲಿ ಹತ್ತಿರ ಇದ್ದೇನೆ" ಎಂದು ಬರೆದರೆ ಅದು ತಲುಪುವಾಗ ನೀವು ಅಲ್ಲಿರುವುದಿಲ್ಲ. "8:40, ನಲ್ಲಿ ಹತ್ತಿರ, 9:15ರವರೆಗೆ" ಎಂದು ಹೊತ್ತು ಸೇರಿಸಿ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಮೊದಲ ದಿನವೇ ನಿಗದಿ ಮಾಡಿ.

2011ರ ಆಗಸ್ಟ್ 18ರಂದು ಬೆಲ್ಜಿಯಮ್ಮಿನ ಪುಕ್ಕೆಲ್‌ಪಾಪ್ ಉತ್ಸವಕ್ಕೆ ಬಿರುಗಾಳಿ ಬಡಿದು 5 ಜನ ಸತ್ತರು. ಗಾಳಿ ಏಳುತ್ತಿದ್ದರೆ ದೊಡ್ಡ ಡೇರೆ, ಮರ, ಸ್ಪೀಕರ್ ಕಂಬ, ಪರದೆಗಳಿಂದ ದೂರ ಸರಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಕಾರು, ಬಸ್ಸು ಅಥವಾ ಗಟ್ಟಿ ಕಟ್ಟಡದೊಳಗೆ ಹೋಗಿ ಕಿಟಕಿ ಮುಚ್ಚಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ. ಟೆಂಟ್ ಸಿಡಿಲಿನಿಂದ ರಕ್ಷಿಸುವುದಿಲ್ಲ.

ಕೊನೆಯ ಬೆಳಿಗ್ಗೆ ಟೆಂಟ್ ಅಲ್ಲೇ ಬಿಟ್ಟುಹೋಗುವವರು ಬಹಳ. ಯಾರಾದರೂ ಬಳಸಿಕೊಳ್ಳುತ್ತಾರೆಂಬ ನಂಬಿಕೆ ಅದು, ಹೆಚ್ಚಿನವು ಕಸಕ್ಕೇ ಹೋಗುತ್ತವೆ. ನಿಮ್ಮದನ್ನು ಹೊತ್ತು ತನ್ನಿ. ಗೂಟ ಎಣಿಸಿ ತೆಗೆಯಿರಿ, ಹುಲ್ಲಿನಲ್ಲಿ ಉಳಿದ ಒಂದು ಗೂಟ ಅಲ್ಲಿ ಮೇಯುವ ದನದ ಕಾಲಿಗೆ ಚುಚ್ಚುತ್ತದೆ. ಬ್ಯಾಂಡಿನಲ್ಲಿ ಉಳಿದ ಹಣ ವಾಪಸ್ ಕೇಳಲು ಕೊನೆಯ ದಿನಾಂಕವಿರುತ್ತದೆ, ಹಣ ಬರುವವರೆಗೆ ಬ್ಯಾಂಡ್ ಕತ್ತರಿಸಬೇಡಿ. ಒದ್ದೆ ಟೆಂಟನ್ನು ಮಡಚಿ ತಂದಿದ್ದರೆ ಎರಡು ದಿನದೊಳಗೆ ಹಗ್ಗದ ಮೇಲೆ ಹರವಿ ಒಣಗಿಸಿ. ಚೀಲದಲ್ಲೇ ಬಿಟ್ಟರೆ ಹೊಲಿಗೆಯ ಗುಂಟ ಕಪ್ಪು ಬೂಷ್ಟು ಹಿಡಿಯುತ್ತದೆ, ಅದರ ಕಲೆ, ವಾಸನೆ ಮತ್ತೆ ಹೋಗುವುದಿಲ್ಲ.